ಬೀದರ್ ವಿಮಾನ ಯಾಕೆ ಪದೇ ಪದೇ ನಿಲ್ಲುತ್ತದೆ? ಸರ್ಕಾರಿ ನೆರವಿನ ಒಂದು ಪ್ರಕರಣ ಅಧ್ಯಯನ

ಬೀದರ್‌ನಿಂದ ಬೆಂಗಳೂರಿಗೆ ಉಡಾನ್ ಯೋಜನೆಯ (ಸಣ್ಣ ಊರುಗಳಿಗೆ ವಿಮಾನ ತರಲು ಕೇಂದ್ರ ನೆರವು ಕೊಡುವ ಯೋಜನೆ) ವಿಮಾನ ಮೊದಲ ಸಲ ಹಾರಿದ್ದು 2020ರ ಫೆಬ್ರವರಿ 7ರಂದು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಂದು ಉದ್ಘಾಟಿಸಿದ್ದರು. ಆಮೇಲೆ ಕೋವಿಡ್ ಬಂತು. ಅದನ್ನು ಪಕ್ಕಕ್ಕಿಟ್ಟರೂ ಈ ಸೇವೆ ಎರಡು ಸಲ ಪೂರ್ತಿ ನಿಂತುಹೋಗಿದೆ, ಎರಡು ಸಲ ಮತ್ತೆ ಶುರುವಾಗಿದೆ. ಶುರುವಾದಾಗಲೆಲ್ಲ ಹಿಂದೆ ಸರ್ಕಾರದ ದುಡ್ಡಿತ್ತು. ಮೊದಲು ಉಡಾನ್ ಹೆಸರಿನಲ್ಲಿ, 2025ರಲ್ಲಿ ರಾಜ್ಯ ಸರ್ಕಾರದ ಬೊಕ್ಕಸದಿಂದ.

ಸಣ್ಣ ಊರಿನ ಏರ್‌ಪೋರ್ಟ್ ಉಳಿಸಲು ಸರ್ಕಾರ ದುಡ್ಡು ಹಾಕಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಜಾಸ್ತಿ ನಡೆಯುತ್ತದೆ. ಬೀದರ್ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಹಾಕಿದ ದುಡ್ಡಿಗೆ ನಾವು ಏನನ್ನು ಕೊಂಡೆವು? ನನ್ನ ಪ್ರಕಾರ ಅಗ್ಗದ ಸೀಟು ಕೊಂಡೆವು. ಬೀದರ್‌ಗೆ ಬೇಕಾಗಿದ್ದದ್ದು ನಂಬಬಹುದಾದ ವೇಳಾಪಟ್ಟಿ. ಇವೆರಡರ ಮಧ್ಯದ ಅಂತರವೇ ಈ ಸೇವೆಯನ್ನು ಮತ್ತೆ ಮತ್ತೆ ಬೀಳಿಸಿದೆ.

ಊರು ಎಲ್ಲಿದೆ ಎನ್ನುವುದೇ ಮೊದಲ ಸಮಸ್ಯೆ

ಬೀದರ್ ರಾಜ್ಯದ ತುತ್ತತುದಿ. ರಾಜಧಾನಿ ರಸ್ತೆಯಲ್ಲಿ ಹತ್ತಿರ ಹತ್ತಿರ 700 ಕಿಲೋಮೀಟರ್ ದೂರ. ಹೈದರಾಬಾದ್ ಮಾತ್ರ 150 ಕಿಲೋಮೀಟರ್ ಒಳಗೇ ಸಿಗುತ್ತದೆ. 1956ರವರೆಗೂ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ವ್ಯಾಪಾರ, ಆಸ್ಪತ್ರೆ, ಓದು, ನೆಂಟಸ್ತನ ಎಲ್ಲ ಇವತ್ತಿಗೂ ಆ ಕಡೆ ಎಳೆಯುತ್ತವೆ. ಬೆಂಗಳೂರಿಗೆ ಹೋಗುವುದು ವಿಧಾನಸೌಧದ ಕೆಲಸ, ಸರ್ಕಾರಿ ನೇಮಕಾತಿ, ನಿಮ್ಹಾನ್ಸ್ ಅಥವಾ ಕಿದ್ವಾಯಿಯಲ್ಲಿ ಚಿಕಿತ್ಸೆ, ಇಲ್ಲವೇ ಅಲ್ಲಿ ಕೆಲಸಕ್ಕಿರುವ ಮಕ್ಕಳನ್ನು ನೋಡುವುದು, ಇಂಥದ್ದಕ್ಕೆ.

ಅಂಥ ಪ್ರಯಾಣಕ್ಕೆ ಬಹುಕಾಲ ಇದ್ದದ್ದು ರಾತ್ರಿ ಬಸ್ಸು ಅಥವಾ ರಾತ್ರಿ ರೈಲು. ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಅದಕ್ಕೆ ಮೊದಲು ರೈಲಿನಲ್ಲಿ ಸುತ್ತಿಕೊಂಡೇ ಹೋಗಬೇಕಿತ್ತು. ಹೊಸ ಮಾರ್ಗದಿಂದ ಅನುಕೂಲವಾಗಿದೆ, ನಿಜ. ಆದರೂ ಒಂದು ದಿನದ ಕೆಲಸಕ್ಕೆ ಎರಡು ರಾತ್ರಿ ಪ್ರಯಾಣದಲ್ಲೇ ಕಳೆಯುತ್ತವೆ. ವಯಸ್ಸಾದವರಿಗೆ, ಕಾಯಿಲೆ ಇರುವವರಿಗೆ ಇದು ಸಣ್ಣ ಮಾತಲ್ಲ. ಒಂದೂಕಾಲು ಗಂಟೆಯ ಹಾರಾಟ ಇಲ್ಲಿ ಶೋಕಿ ಅನ್ನುವವರು ಕೀಮೋ ಮುಗಿಸಿಕೊಂಡು ಊರಿಗೆ ಮರಳುವವರ ಜೊತೆ ಒಂದು ಸಲ ಆ ರಾತ್ರಿ ಪ್ರಯಾಣ ಮಾಡಬೇಕು.

ಆದರೆ ವಿಮಾನ ಕಂಪನಿ ನೋಡುವ ಭೂಪಟವೇ ಬೇರೆ. ಬೀದರ್‌ನಲ್ಲಿ ಕಾರು ಹತ್ತಿದರೆ ಜಹೀರಾಬಾದ್, ಅಲ್ಲಿಂದ 65ನೇ ರಾಷ್ಟ್ರೀಯ ಹೆದ್ದಾರಿ, ಪಟಾನ್‌ಚೆರು ಹತ್ತಿರ ಹೈದರಾಬಾದಿನ ಹೊರವರ್ತುಲ ರಸ್ತೆ. ಎರಡೂವರೆ ಮೂರು ಗಂಟೆಯಲ್ಲಿ ಶಂಷಾಬಾದ್ ಏರ್‌ಪೋರ್ಟ್. ಅಲ್ಲಿಂದ ಬೆಂಗಳೂರಿಗೆ ಬೆಳಗಿನಿಂದ ರಾತ್ರಿವರೆಗೂ ವಿಮಾನಗಳಿವೆ. ಒಂದು ತಪ್ಪಿದರೆ ಇನ್ನೊಂದು. ಬೀದರ್‌ನ ಒಂದೇ ಒಂದು ವಿಮಾನ ಪೈಪೋಟಿ ಮಾಡಬೇಕಾಗಿರುವುದು ಇದರ ಜೊತೆ. ಇನ್ನೊಂದು ಕಡೆ, ನೂರಿಪ್ಪತ್ತು ಕಿಲೋಮೀಟರ್ ಒಳಗೇ ಕಲಬುರಗಿ ಏರ್‌ಪೋರ್ಟ್ ಇದೆ. ಅದು 2019ರ ನವೆಂಬರ್ 22ರಂದು, ಅಂದರೆ ಬೀದರ್‌ಗಿಂತ ಎರಡೂವರೆ ತಿಂಗಳು ಮೊದಲಷ್ಟೇ ಶುರುವಾಯಿತು. ಒಂದೇ ಪ್ರದೇಶದ ಪ್ರಯಾಣಿಕರನ್ನು ಎರಡು ಹೊಸ ನಿಲ್ದಾಣಗಳು ಹಂಚಿಕೊಳ್ಳಬೇಕಾಯಿತು.

ಬೀಗ ಹಾಕಿದ್ದ ಟರ್ಮಿನಲ್

ಬೀದರ್‌ನಲ್ಲಿ ರನ್‌ವೇ ಹೊಸದಾಗಿ ಕಟ್ಟಬೇಕಿರಲಿಲ್ಲ. ವಾಯುಪಡೆಯ ನೆಲೆ ಇಲ್ಲಿ ಎರಡನೇ ಮಹಾಯುದ್ಧದ ಕಾಲದಿಂದಲೂ ಇದೆ. ಯುದ್ಧವಿಮಾನ ಪೈಲಟ್‌ಗಳಿಗೆ ಹಾಕ್ ಜೆಟ್‌ನಲ್ಲಿ ತರಬೇತಿ ಕೊಡುವುದು ಇಲ್ಲೇ. ಸೂರ್ಯಕಿರಣ್ ತಂಡದ ನೆಲೆಯೂ ಇದೇ. ನಾಗರಿಕ ವಿಮಾನಕ್ಕೆ ಬೇಕಾಗಿದ್ದದ್ದು ವಾಯುಪಡೆಯ ಅಂಚಿನಲ್ಲಿ ಒಂದು ಸಣ್ಣ ಟರ್ಮಿನಲ್, ವಿಮಾನ ನಿಲ್ಲಲು ಜಾಗ, ಕೂಡುದಾರಿ. ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರ 3.2 ಕಿಲೋಮೀಟರ್ ರನ್‌ವೇ ಸಮೇತ ಹೊಸ ನಿಲ್ದಾಣ ಕಟ್ಟಲು ಸುಮಾರು 450 ಕೋಟಿ ರೂಪಾಯಿ ಖರ್ಚು ಮಾಡಿತು. ಅದಕ್ಕೆ ಹೋಲಿಸಿದರೆ ಬೀದರ್‌ದು ಬಹಳ ಅಗ್ಗದ ಏರ್‌ಪೋರ್ಟ್.

ಹಾಗಿದ್ದರೂ ಟರ್ಮಿನಲ್ ಕಟ್ಟಡ ಎದ್ದ ಮೇಲೆ ವರ್ಷಗಟ್ಟಲೆ ಅದು ಸುಮ್ನೆ ಬಿದ್ದಿತ್ತು. ದೊಡ್ಡ ಅಡ್ಡಿ ಬಂದದ್ದು ಹೈದರಾಬಾದ್ ಕಡೆಯಿಂದ. ಶಂಷಾಬಾದ್ ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರ 2004ರಲ್ಲಿ ಜಿಎಂಆರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅದರಲ್ಲೊಂದು ಷರತ್ತು: ನಿಲ್ದಾಣ ತೆರೆದ ಮೇಲೆ 25 ವರ್ಷ, ವಾಯುಮಾರ್ಗದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ಏರ್‌ಪೋರ್ಟ್ ಬೆಳೆಸುವಂತಿಲ್ಲ. ಬೀದರ್ ಆ ವೃತ್ತದೊಳಗೇ ಬರುತ್ತದೆ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೂ ಇಂಥದ್ದೇ ಷರತ್ತು ಇದೆ. ಹೊಸೂರಿನಲ್ಲಿ ಏರ್‌ಪೋರ್ಟ್ ಕಟ್ಟುತ್ತೇವೆ ಎಂದು ತಮಿಳುನಾಡು ಹೇಳಿದಾಗಲೆಲ್ಲ ಇದೇ ಮಾತು ಎದ್ದು ಬರುತ್ತದೆ.

ದೊಡ್ಡ ಏರ್‌ಪೋರ್ಟಿಗೆ ಸಾವಿರಾರು ಕೋಟಿ ಹಾಕುವವರು ಭದ್ರತೆ ಕೇಳುವುದು ಸಹಜ. ಆದರೆ ಆ ಭದ್ರತೆಯ ಬೆಲೆಯನ್ನು ಒಪ್ಪಂದದ ಮೇಜಿನ ಹತ್ತಿರವೂ ಇರದ ಪಕ್ಕದ ರಾಜ್ಯದ ಜಿಲ್ಲೆ ತೆತ್ತಿತು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೊನೆಗೆ ಉಡಾನ್ ಬಂದ ಮೇಲೆ ದಾರಿ ತೆರೆಯಿತು, ಬೀದರ್ ನಾಗರಿಕ ಟರ್ಮಿನಲ್ ನಡೆಸುವ ಹೊಣೆಯನ್ನು ಹೈದರಾಬಾದ್ ನಿಲ್ದಾಣದ ಕಂಪನಿಯೇ ವಹಿಸಿಕೊಂಡಿತು.

ಉಡಾನ್ ದುಡ್ಡು ಎಲ್ಲಿಂದ ಬರುತ್ತದೆ

ಮುಂದಿನ ಕಥೆ ಅರ್ಥವಾಗಬೇಕಾದರೆ ಈ ಯೋಜನೆಯ ಒಳಗನ್ನು ಸ್ವಲ್ಪ ನೋಡಬೇಕು.

ಉಡಾನ್ ಯೋಜನೆಯನ್ನು ಕೇಂದ್ರ ಪ್ರಕಟಿಸಿದ್ದು 2016ರ ಅಕ್ಟೋಬರ್‌ನಲ್ಲಿ. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ವ್ಯವಸ್ಥೆ ಹೀಗಿದೆ. ಒಂದು ಮಾರ್ಗಕ್ಕೆ ಕಂಪನಿಗಳು ಬಿಡ್ ಹಾಕುತ್ತವೆ. ವಿಮಾನದ ಸುಮಾರು ಅರ್ಧದಷ್ಟು ಸೀಟುಗಳನ್ನು ಸರ್ಕಾರ ಹೇಳಿದ ದರದ ಮಿತಿಯಲ್ಲೇ ಮಾರಬೇಕು. ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ ಈ ಮಿತಿ 2,500 ರೂಪಾಯಿ ಇತ್ತು. ಆ ದರಕ್ಕೂ ಅಸಲು ಖರ್ಚಿಗೂ ಮಧ್ಯದ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಕಚೇರಿ ಭಾಷೆಯಲ್ಲಿ ಇದಕ್ಕೆ ವಯಬಿಲಿಟಿ ಗ್ಯಾಪ್ ಫಂಡಿಂಗ್, ಚಿಕ್ಕದಾಗಿ ವಿಜಿಎಫ್. ಯಾರು ಕಡಿಮೆ ವಿಜಿಎಫ್ ಕೇಳುತ್ತಾರೋ ಅವರಿಗೆ ಮಾರ್ಗ. ಮೂರು ವರ್ಷ ಆ ಮಾರ್ಗದಲ್ಲಿ ಅವರಿಗೆ ಮಾತ್ರ ಹಕ್ಕು, ಮೂರು ವರ್ಷ ಹಣ.

ಈ ಹಣದಲ್ಲಿ 80 ಭಾಗ ಕೇಂದ್ರದ ನಿಧಿಯಿಂದ, 20 ಭಾಗ ರಾಜ್ಯದಿಂದ. ಕೇಂದ್ರದ ನಿಧಿಗೆ ದುಡ್ಡು ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಶುಲ್ಕದಿಂದ. ಮೊದಲು ದೂರಕ್ಕೆ ತಕ್ಕಂತೆ ಒಂದು ಹಾರಾಟಕ್ಕೆ 7,500ರಿಂದ 8,500 ರೂಪಾಯಿ ನಿಗದಿಯಾಗಿತ್ತು. 180 ಸೀಟಿನ ತುಂಬಿದ ವಿಮಾನದಲ್ಲಿ ಇದು ತಲೆಗೆ 50 ರೂಪಾಯಿಯೂ ಆಗುವುದಿಲ್ಲ. ಮುಂಬೈ–ದೆಹಲಿ ನಡುವೆ ಓಡಾಡುವವರು ತಮಗೆ ಗೊತ್ತಾಗದಷ್ಟು ಚಿಲ್ಲರೆ ಹಣದಲ್ಲಿ ಬೀದರ್, ಕಿಶನ್‌ಗಢ, ಝಾರ್ಸುಗುಡದಂಥ ಊರುಗಳಿಗೆ ವಿಮಾನ ಕಳಿಸುತ್ತಾರೆ. ಈ ವಿಚಾರ ನನಗೆ ತುಂಬಾ ಇಷ್ಟ. ತೆರಿಗೆ ವ್ಯವಸ್ಥೆಯಲ್ಲಿ ಇಷ್ಟು ನೇರವಾಗಿ ಒಬ್ಬರ ಅನುಕೂಲ ಇನ್ನೊಬ್ಬರಿಗೆ ಹಂಚಿಕೆಯಾಗುವುದು ಅಪರೂಪ.

ನಗದು ನೆರವಿನ ಜೊತೆ ಇನ್ನೂ ಕೆಲವು ರಿಯಾಯಿತಿಗಳಿವೆ. ಉಡಾನ್ ನಿಲ್ದಾಣದಲ್ಲಿ ತುಂಬಿಸುವ ವಿಮಾನ ಇಂಧನದ ಮೇಲೆ ರಾಜ್ಯ 1 ಶೇಕಡಾಕ್ಕಿಂತ ಹೆಚ್ಚು ವ್ಯಾಟ್ ಹಾಕುವಂತಿಲ್ಲ, ಅದೂ 10 ವರ್ಷ. ಪೊಲೀಸ್ ಭದ್ರತೆ, ಅಗ್ನಿಶಾಮಕ ಸೇವೆ ಉಚಿತ. ನೀರು, ಕರೆಂಟಿಗೆ ರಿಯಾಯಿತಿ ದರ. ವಿಮಾನ ಇಳಿಸಿ ನಿಲ್ಲಿಸುವ ಶುಲ್ಕ ಇಲ್ಲ. ಯಾವ ವರ್ಷದ ವಿಜಿಎಫ್ ಲೆಕ್ಕದಲ್ಲೂ ಇವು ಎದ್ದು ಕಾಣುವುದಿಲ್ಲ. ಆದರೆ ವಿಮಾನ ನಿಂತಾಗಲೂ ಬೆಂಕಿ ಆರಿಸುವ ಗಾಡಿ ಸಿದ್ಧವಾಗಿಡಬೇಕು, ಸಾಮಾನು ತಪಾಸಣೆ ಯಂತ್ರ ಸರಿಯಾಗಿಟ್ಟುಕೊಳ್ಳಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು. ಪ್ರಯಾಣಿಕರಿಲ್ಲದ ಏರ್‌ಪೋರ್ಟ್ ಪುಕ್ಕಟೆ ಏರ್‌ಪೋರ್ಟ್ ಅಲ್ಲ.

ಮೊದಲ ನಿಲುಗಡೆ, ಎರಡನೇ ನಿಲುಗಡೆ

ಬೀದರ್–ಬೆಂಗಳೂರು ಮಾರ್ಗ ಮೊದಲು ಸಿಕ್ಕಿದ್ದು ಹೈದರಾಬಾದಿನ ಟ್ರೂಜೆಟ್‌ಗೆ. ಎಪ್ಪತ್ತು ಸೀಟಿನ ಆಸುಪಾಸಿನ ಎಟಿಆರ್ ವಿಮಾನ. ಶುರುವಾಗಿ ಒಂದೂವರೆ ತಿಂಗಳಿಗೆ, ಮಾರ್ಚ್ 25ರಂದು, ದೇಶದ ಎಲ್ಲ ಒಳನಾಡು ವಿಮಾನಗಳೂ ನಿಂತವು. ಮೇ 25ರಿಂದ ಹಾರಾಟಕ್ಕೆ ಅನುಮತಿ ಸಿಕ್ಕರೂ ಸಣ್ಣ ಕಂಪನಿಗಳು ಮತ್ತೆ ಸರಿಯಾಗಿ ಚೇತರಿಸಿಕೊಳ್ಳಲಿಲ್ಲ. ಟ್ರೂಜೆಟ್‌ನ ಹಣಕಾಸು ಹದಗೆಟ್ಟಿತು. 2022ರ ಆರಂಭದ ಹೊತ್ತಿಗೆ ಕಂಪನಿಯೇ ಹಾರಾಟ ನಿಲ್ಲಿಸಿತು. ಬೀದರ್ ಜೊತೆಗೆ ಮೈಸೂರು, ಬಳ್ಳಾರಿ ಪಕ್ಕದ ವಿದ್ಯಾನಗರಗಳಿಗೂ ಉಡಾನ್ ಶುರುವಿನ ದಿನಗಳಲ್ಲಿ ವಿಮಾನ ತಂದದ್ದು ಇದೇ ಕಂಪನಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಡಿಮೆ ಸಬ್ಸಿಡಿ ಕೇಳಿದವರಿಗೆ ಮಾರ್ಗ ಕೊಡುವ ಪದ್ಧತಿಯಲ್ಲಿ, ಆ ಕಂಪನಿ ಎಷ್ಟು ದಿನ ಬದುಕೀತು ಎನ್ನುವುದಕ್ಕೆ ಸಿಗುವ ಬೆಲೆ ಕಮ್ಮಿ. ಎರಡು ಮೂರು ವಿಮಾನ ಇರುವ ಕಂಪನಿಯಲ್ಲಿ ಒಂದು ವಿಮಾನ ರಿಪೇರಿಗೆ ನಿಂತರೂ ನಾಲ್ಕೂರಿನ ವೇಳಾಪಟ್ಟಿ ಕುಸಿಯುತ್ತದೆ. ಆಗ ಮೊದಲು ರದ್ದಾಗುವುದು ಜನ ಕಡಿಮೆ ಇರುವ ಮಾರ್ಗ.

2022ರ ಜೂನ್ 15ರಂದು ಸ್ಟಾರ್ ಏರ್ ಬಂತು. ಕೊಲ್ಹಾಪುರ ಕಡೆಯ ಘೋಡಾವತ್ ಸಮೂಹದ ಕಂಪನಿ. ಉತ್ತರ ಕರ್ನಾಟಕದ ಜನಕ್ಕೆ ಹೊಸದಲ್ಲ. 2019ರ ಜನವರಿಯಲ್ಲಿ ಅದು ಹಾರಾಟ ಶುರುಮಾಡಿದ್ದೇ ಬೆಂಗಳೂರು–ಹುಬ್ಬಳ್ಳಿಯಿಂದ. ಮೊದಲು 50 ಸೀಟಿನ ಎಂಬ್ರೇರ್ ಜೆಟ್ ಇತ್ತು, ಆಮೇಲೆ 76 ಸೀಟಿನದ್ದು ಬಂತು. ಬೀದರ್ ಸೇವೆ ಒಂದೂವರೆ ವರ್ಷ ನಡೆಯಿತು. 2023ರ ಕೊನೆಗೆ ನಿಂತಿತು.

ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ಬೀದರ್‌ನಲ್ಲಿ ನಾಗರಿಕ ವಿಮಾನವೇ ಇರಲಿಲ್ಲ. ಊರಿಗೆ ಫೋನ್ ಮಾಡುವ ಮಕ್ಕಳಿಗೂ ಮನೆಯವರಿಗೂ ನಡೆಯುವ ಮಾತು ಆ ಕಡೆಯವರಿಗೆಲ್ಲ ಗೊತ್ತಿರುವಂಥದ್ದೇ:

"ಕಾಕಾ, ಹಬ್ಬಕ್ಕ್ ಬರ್ಲಾಕ್ ಫ್ಲೈಟ್ ಅದಾ ಏನ್?"

"ಇರ್ಲಿಕ್ಕಿಲ್ಲ ತಮ್ಮಾ. ಹೈದ್ರಾಬಾದ್ ಮ್ಯಾಲಿಂದೇ ಬಂದ್ಬಿಡು."

ಈ "ಇರ್ಲಿಕ್ಕಿಲ್ಲ" ಎನ್ನುವ ಅನುಮಾನವೇ ದೊಡ್ಡ ನಷ್ಟ. ಒಂದು ವರ್ಷ ವಿಮಾನ ನಿಂತರೆ ಆ ವರ್ಷದ ಪ್ರಯಾಣಿಕರಷ್ಟೇ ಹೋಗುವುದಿಲ್ಲ. ಮತ್ತೆ ಶುರುವಾದಾಗಲೂ ಜನ ಮೊದಲು ಹೈದರಾಬಾದ್ ಟಿಕೆಟ್ ನೋಡುತ್ತಾರೆ. ಶಂಷಾಬಾದ್‌ಗೆ ಕಾರು ಕಳಿಸುವ ಟ್ರಾವೆಲ್ಸ್‌ನವರ ನಂಬರು ಫೋನಿನಲ್ಲಿ ಉಳಿದಿರುತ್ತದೆ. ಮದುವೆಗೆ ಎರಡು ತಿಂಗಳು ಮೊದಲೇ ಟಿಕೆಟ್ ತೆಗೆಯುವ ಕುಟುಂಬ, ಎರಡು ತಿಂಗಳ ಮೇಲೆ ಈ ವಿಮಾನ ಇದ್ದೀತೋ ಇಲ್ಲವೋ ಎಂದು ಅನಿಸಿದರೆ ಹೈದರಾಬಾದಿನದ್ದೇ ತೆಗೆಯುತ್ತದೆ. ಸೀಟು ತುಂಬುವುದಿಲ್ಲ, ತುಂಬದ್ದಕ್ಕೆ ಕಂಪನಿ ಹೋಗುತ್ತದೆ, ಹೋದದ್ದಕ್ಕೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಇದು ಬೀದರ್ ಒಂದರದ್ದೇ ಕಥೆಯಲ್ಲ

ಮಹಾಲೇಖಪಾಲರು, ಅಂದರೆ ಸಿಎಜಿ, 2023ರಲ್ಲಿ ಉಡಾನ್ ಬಗ್ಗೆ ವರದಿ ಕೊಟ್ಟರು. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ್ದು 774 ಮಾರ್ಗ. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವಿನ ಅವಧಿ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ, ಹಾರುತ್ತಿದ್ದದ್ದು ಬರೀ 54. ಹಂಚಿದ ಮಾರ್ಗಗಳಲ್ಲಿ ಇದು 7 ಶೇಕಡಾ.

ಈ ಅಂಕಿ ಹಿಡಿದು ಯೋಜನೆಯೇ ದಂಡ ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಸಣ್ಣ ಊರಿನ ಮಾರ್ಗ ಮೂರು ವರ್ಷಕ್ಕೆ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬ ಲೆಕ್ಕಾಚಾರ ತಪ್ಪಾಗಿತ್ತು ಎನ್ನುವುದನ್ನು ಇದು ತೋರಿಸುತ್ತದೆ. ಮೂರು ವರ್ಷ ಎನ್ನುವುದು ಎಲ್ಲ ಊರಿಗೂ ಒಂದೇ. ಹುಬ್ಬಳ್ಳಿ, ಬೆಳಗಾವಿಯಂಥ ದೊಡ್ಡ ಪೇಟೆ ಇರುವ ಊರಿಗೂ ಅಷ್ಟೇ, ಬೀದರ್‌ಗೂ ಅಷ್ಟೇ. ಹುಬ್ಬಳ್ಳಿ–ಬೆಳಗಾವಿಗಳಲ್ಲಿ ಕೈಗಾರಿಕೆ ಇದೆ, ಕಾಲೇಜುಗಳಿವೆ, ಪಕ್ಕದಲ್ಲಿ ಶಂಷಾಬಾದ್‌ನಂಥ ದೊಡ್ಡ ನಿಲ್ದಾಣ ಇಲ್ಲ. ಅಲ್ಲಿ ಕೆಲವು ಮಾರ್ಗ ನಿಂತರೂ ಏರ್‌ಪೋರ್ಟ್ ನಿಲ್ಲುವುದಿಲ್ಲ. ಬೀದರ್‌ನಲ್ಲಿ ಒಂದು ಮಾರ್ಗ ನಿಂತರೆ ಏರ್‌ಪೋರ್ಟೇ ನಿಂತ ಹಾಗೆ.

2025ರ ಕೇಂದ್ರ ಬಜೆಟ್‌ನಲ್ಲಿ ಉಡಾನ್‌ಗೆ ಹೊಸ ರೂಪ ಕೊಟ್ಟು, 10 ವರ್ಷಗಳಲ್ಲಿ 120 ಹೊಸ ಊರುಗಳನ್ನು ಜೋಡಿಸುವುದಾಗಿ ಹೇಳಿದರು. ಹೊಸ ಊರು ಜೋಡಿಸುವುದಕ್ಕೆ ಮೊದಲು, ಜೋಡಿಸಿ ಕಡಿದುಹೋದ ಊರುಗಳ ಕಡೆ ನೋಡುವುದು ಒಳ್ಳೆಯದು.

ರಾಜ್ಯ ಸರ್ಕಾರ ಕೈಹಾಕಿದಾಗ

2025ರ ಏಪ್ರಿಲ್ 17ರಂದು ಬೀದರ್–ಬೆಂಗಳೂರು ವಿಮಾನ ಮತ್ತೆ ಹಾರಿತು. ಈ ಸಲವೂ ಸ್ಟಾರ್ ಏರ್. ವ್ಯತ್ಯಾಸ ಏನೆಂದರೆ ಕೊರತೆ ತುಂಬುವ ಹೊಣೆಯನ್ನು ರಾಜ್ಯ ಸರ್ಕಾರವೇ ಹೊತ್ತುಕೊಂಡಿತು. ಮೂಲಸೌಕರ್ಯ ಸಚಿವ ಎಂ.ಬಿ. ಪಾಟೀಲ ಮತ್ತು ಜಿಲ್ಲಾ ಉಸ್ತುವಾರಿ ಸಚಿವ ಈಶ್ವರ ಖಂಡ್ರೆ ಇದರ ಹಿಂದೆ ನಿಂತಿದ್ದರು.

ಇದು ದೊಡ್ಡ ಹೆಜ್ಜೆ. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನಮಾನ ಪಡೆದ ಪ್ರದೇಶಕ್ಕೆ ರಾಜಧಾನಿಯ ಸಂಪರ್ಕ ಉಳಿಸುವುದು ರಾಜ್ಯದ ಕೆಲಸ ಎಂದು ಒಪ್ಪಿಕೊಂಡ ಹಾಗಾಯಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹಣ ಕೊಡುವ ರೀತಿಯ ಬಗ್ಗೆ ನನಗೆ ತಕರಾರಿದೆ. ಅದಕ್ಕೆ ಮೊದಲು ಒಂದು ಲೆಕ್ಕ ನೋಡೋಣ. ಇವು ವಿಷಯ ಅರ್ಥವಾಗಲೆಂದು ನಾನು ಇಟ್ಟುಕೊಂಡ ಅಂಕಿಗಳು, ಯಾವ ಕಂಪನಿಯ ಪುಸ್ತಕದವೂ ಅಲ್ಲ.

76 ಸೀಟಿನ ವಿಮಾನದ ಒಂದು ಕಡೆಯ ಹಾರಾಟಕ್ಕೆ ಎಲ್ಲ ಸೇರಿ 2,50,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಸರಾಸರಿ ಟಿಕೆಟ್ 3,000. 46 ಜನ ಹತ್ತಿದರೆ ಆದಾಯ 1,38,000, ಕೊರತೆ 1,12,000. ಸರ್ಕಾರ ಒಬ್ಬರ ಮೇಲೆ 2,400 ರೂಪಾಯಿಗಿಂತ ಜಾಸ್ತಿ ಹಾಕುತ್ತದೆ. ಅದೇ ವಿಮಾನದಲ್ಲಿ 57 ಜನ ಕೂತರೆ ಆದಾಯ 1,71,000, ಕೊರತೆ 79,000. ಒಬ್ಬರ ಮೇಲೆ ಬೀಳುವುದು 1,400ರೊಳಗೆ. ಹನ್ನೊಂದೇ ಜನ ಹೆಚ್ಚಾದದ್ದು, ಆದರೆ ತಲೆಗೆ ಬೀಳುವ ಸಬ್ಸಿಡಿ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇಳಿಯಿತು. ವಿಮಾನದ ಖರ್ಚು ಹೀಗೇ ಇರುತ್ತದೆ. ಇಂಧನ, ಬಾಡಿಗೆ, ಪೈಲಟ್ ಸಂಬಳ ಯಾವುದೂ ಖಾಲಿ ಸೀಟು ನೋಡಿ ಇಳಿಯುವುದಿಲ್ಲ.

ಹಾಗಾದರೆ ಆ ಹನ್ನೊಂದು ಜನ ಎಲ್ಲಿಂದ ಬರಬೇಕು? ಟಿಕೆಟ್ 300 ರೂಪಾಯಿ ಇಳಿಸಿದರೆ ಬರುವವರು ಕಮ್ಮಿ. ಹೈದರಾಬಾದ್ ಮೂಲಕ ಹೋಗುವವರು ಕಾರಿನ ಬಾಡಿಗೆ ಸೇರಿ ಈಗಲೇ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದಾರೆ. ಅವರು ಹಣ ಕೊಡುತ್ತಿರುವುದು ಹೊತ್ತಿಗೆ ಮತ್ತು ನಂಬಿಕೆಗೆ. ಬೆಳಗ್ಗೆ ಬೀದರ್ ಬಿಟ್ಟು, ಬೆಂಗಳೂರಿನಲ್ಲಿ ಕೆಲಸ ಮುಗಿಸಿ, ರಾತ್ರಿ ಮನೆ ಊಟಕ್ಕೆ ವಾಪಸ್ ಬರುವ ಹಾಗಿದ್ದರೆ ಅವರು ಬೀದರ್ ವಿಮಾನವನ್ನೇ ಹತ್ತುತ್ತಾರೆ. ಮಧ್ಯಾಹ್ನ ಒಂದು ಸಲ ಬಂದು ಹೋಗುವ ವಿಮಾನದಲ್ಲಿ ಹೋದರೆ ಬೆಂಗಳೂರಿನಲ್ಲಿ ಕನಿಷ್ಠ ಒಂದು ರಾತ್ರಿ ಲಾಡ್ಜ್. ದೇವನಹಳ್ಳಿಯಿಂದ ಊರೊಳಗೆ ಬರುವ ಟ್ಯಾಕ್ಸಿ ಖರ್ಚು ಬೇರೆ. ವಾರದಲ್ಲಿ ಕೆಲವೇ ದಿನ ಹಾರಿದರೆ ಇನ್ನೂ ಕಷ್ಟ.

ವಾಯುಪಡೆಯ ನೆಲೆಯಾದ್ದರಿಂದ ಹೊತ್ತು ಹೊಂದಿಸುವುದು ಸುಲಭವಲ್ಲ, ಒಪ್ಪುತ್ತೇನೆ. ರನ್‌ವೇ ಅವರದು, ಹಾರಾಟ ನಿಯಂತ್ರಣ ಅವರದು. ತರಬೇತಿ ಹಾರಾಟಗಳ ಮಧ್ಯೆ ನಾಗರಿಕ ವಿಮಾನ ಜಾಗ ಮಾಡಿಕೊಳ್ಳಬೇಕು. ಈ ಮಾತುಕತೆಯನ್ನು ಒಂದು ಸಣ್ಣ ವಿಮಾನ ಕಂಪನಿಗೆ ಬಿಟ್ಟರೆ ಆಗುವುದಿಲ್ಲ. ಹಣ ಕೊಡುವ ರಾಜ್ಯ ಸರ್ಕಾರವೇ ರಕ್ಷಣಾ ಸಚಿವಾಲಯದ ಹತ್ತಿರ ಕೂತು ಬೆಳಗಿನ ಒಂದು ಹೊತ್ತು, ಸಂಜೆಯ ಒಂದು ಹೊತ್ತು ಕೇಳಬೇಕು.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ

ಅಮೆರಿಕದಲ್ಲಿ 1978ರಲ್ಲಿ ವಿಮಾನ ಕಂಪನಿಗಳಿಗೆ ಎಲ್ಲಿ ಬೇಕಾದರೂ ಹಾರುವ, ಎಲ್ಲಿಂದ ಬೇಕಾದರೂ ಹೋಗುವ ಸ್ವಾತಂತ್ರ್ಯ ಕೊಟ್ಟರು. ಸಣ್ಣ ಊರುಗಳು ಬಿಟ್ಟುಹೋದಾವು ಎಂಬ ಭಯಕ್ಕೆ ಎಸೆನ್ಷಿಯಲ್ ಏರ್ ಸರ್ವಿಸ್ ಎಂಬ ಯೋಜನೆ ತಂದರು. ಅಲ್ಲೂ ಅದು 10 ವರ್ಷಕ್ಕೆಂದೇ ಶುರುವಾಗಿದ್ದು. 10 ವರ್ಷದಲ್ಲಿ ಊರುಗಳು ತಮ್ಮ ಕಾಲ ಮೇಲೆ ನಿಲ್ಲಲಿಲ್ಲ, ಯೋಜನೆ ಮುಂದುವರಿಯಿತು, 1996ರಲ್ಲಿ ಕಾಯಂ ಆಯಿತು.

ಅಲ್ಲಿ ಟೀಕೆ ಇಲ್ಲದಿಲ್ಲ. ಕೆಲವು ಊರುಗಳ ವಿಮಾನ ಹೆಚ್ಚುಕಮ್ಮಿ ಖಾಲಿ ಹಾರುತ್ತದೆ. ಅದಕ್ಕೇ ಕಾಲಕಾಲಕ್ಕೆ ಮಿತಿಗಳನ್ನು ಹಾಕಿದರು. ದೊಡ್ಡ ಏರ್‌ಪೋರ್ಟಿಗೆ 210 ಮೈಲಿಗಿಂತ ಹತ್ತಿರದ ಊರಾದರೆ ಒಬ್ಬ ಪ್ರಯಾಣಿಕರ ಮೇಲೆ 200 ಡಾಲರ್‌ಗಿಂತ ಹೆಚ್ಚು ಸಬ್ಸಿಡಿ ಇಲ್ಲ ಎಂಬ ನಿಯಮ ಬಹುಕಾಲ ಇತ್ತು. ಆಮೇಲೆ ದಿನಕ್ಕೆ ಸರಾಸರಿ 10 ಜನರಾದರೂ ಹತ್ತಬೇಕು ಎಂಬುದೂ ಸೇರಿತು. ಬೀದರ್ ಅಲ್ಲಿದ್ದಿದ್ದರೆ ಹೈದರಾಬಾದ್ ಹತ್ತಿರ ಇರುವ ಕಾರಣಕ್ಕೆ ಬಿಗಿಯಾದ ಮಿತಿಯೊಳಗೇ ಬರುತ್ತಿತ್ತು.

ನನಗೆ ಅಲ್ಲಿ ಮುಖ್ಯ ಅನಿಸಿದ್ದು ಇನ್ನೊಂದು ನಿಯಮ. ನೆರವು ಪಡೆಯುವ ಕಂಪನಿ ಊರು ಬಿಡಬೇಕೆಂದರೆ ಮೊದಲೇ ನೋಟಿಸ್ ಕೊಡಬೇಕು. ಇದು ಬಹಳ ವರ್ಷ 90 ದಿನ ಇತ್ತು. ಅಷ್ಟರಲ್ಲಿ ಬೇರೆ ಕಂಪನಿ ಸಿಗದಿದ್ದರೆ, ಸಿಗುವವರೆಗೂ ಹಾರಾಟ ಮುಂದುವರಿಸುವಂತೆ ಸರ್ಕಾರ ಆದೇಶ ಮಾಡಬಹುದು. ಅಂದರೆ ಕಂಪನಿ ಬದಲಾದರೂ ಸೇವೆ ಕಡಿಯುವುದಿಲ್ಲ. ಬೀದರ್‌ನಲ್ಲಿ ಟ್ರೂಜೆಟ್ ಹೋಗಿ ಸ್ಟಾರ್ ಏರ್ ಬರುವ ಮಧ್ಯೆ, ಆಮೇಲೆ ಅದೇ ಕಂಪನಿ ಹೋಗಿ ಮತ್ತೆ ಬರುವ ಮಧ್ಯೆ, ಉಳಿದದ್ದು ಬರೀ ಖಾಲಿ ತಿಂಗಳುಗಳು.

ಹಣಕ್ಕೆ ವಿರೋಧವೂ ನ್ಯಾಯವಾದದ್ದೇ

ವಿಮಾನ ಹತ್ತುವವರು ಜಿಲ್ಲೆಯ ಸಣ್ಣ ಪಾಲು. ಅದೇ ಹಣದಲ್ಲಿ ಎಷ್ಟೋ ಹಳ್ಳಿ ಬಸ್ಸು ಓಡಿಸಬಹುದು, ಆರೋಗ್ಯ ಕೇಂದ್ರಕ್ಕೆ ವೈದ್ಯರನ್ನು ಕೊಡಬಹುದು ಎಂಬ ಮಾತನ್ನು ತಳ್ಳಿಹಾಕಲಾಗದು. ಬೀದರ್‌ನಂಥ ಜಿಲ್ಲೆಯಲ್ಲಿ ಅದು ಹೊಟ್ಟೆಗೆ ನಾಟುವ ಪ್ರಶ್ನೆ. ನಾನು ವಿಮಾನದ ಪರ ನಿಲ್ಲುವುದು ಆ ಸೌಲಭ್ಯಗಳ ಬದಲಿಗೆ ಎಂದಲ್ಲ. ಕಟ್ಟಿದ ಟರ್ಮಿನಲ್, ವಾಯುಪಡೆ ನೋಡಿಕೊಳ್ಳುವ ರನ್‌ವೇ, ಇವೆಲ್ಲ ಈಗಾಗಲೇ ಇವೆ. ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ದೇಶದೆಲ್ಲೆಡೆಯಿಂದ ಸಿಖ್ಖರು ಬರುವ ನಾನಕ್ ಝೀರಾ, ಪಕ್ಕದ ಬಸವಕಲ್ಯಾಣ ಇವೆ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಇಲ್ಲಿದೆ. ಹೊರಗಿನಿಂದ ಬರುವವರು ಹೆಚ್ಚಿದರೆ ಮಾತ್ರ ವಿಮಾನ ಎರಡೂ ಕಡೆ ತುಂಬುತ್ತದೆ. ಈ ಕೆಲಸ ಪ್ರವಾಸೋದ್ಯಮ ಇಲಾಖೆಯದ್ದು. ವಿಮಾನಕ್ಕೆ ದುಡ್ಡು ಕೊಟ್ಟು, ಬಂದಿಳಿದವರಿಗೆ ಕೋಟೆ ನೋಡಲು ಒಂದು ಒಳ್ಳೆಯ ಬಸ್ಸೂ ಇಲ್ಲದಿದ್ದರೆ ಕೊಟ್ಟ ದುಡ್ಡು ಅರ್ಧ ಕೆಲಸವಷ್ಟೇ ಮಾಡುತ್ತದೆ.

ರಾಜ್ಯ ಇನ್ನೂ ಏರ್‌ಪೋರ್ಟ್ ಕಟ್ಟುತ್ತಿದೆ. ವಿಜಯಪುರ, ಹಾಸನ, ರಾಯಚೂರು ಸಾಲಿನಲ್ಲಿವೆ. ಶಿವಮೊಗ್ಗವನ್ನು ರಾಜ್ಯವೇ ನಡೆಸುತ್ತಿದೆ. ಬೀದರ್‌ಗೆ ಇಂದು ಕೊಟ್ಟದ್ದನ್ನು ನಾಳೆ ಇವೆಲ್ಲವೂ ಕೇಳುತ್ತವೆ, ಕೇಳುವುದು ಸರಿಯೂ ಹೌದು. ಒಬ್ಬ ಸಚಿವರ ಒತ್ತಾಯ, ಒಂದು ಸಂಪುಟ ತೀರ್ಮಾನ ಎಂದು ಊರಿಗೊಂದು ಬಗೆಯಲ್ಲಿ ನಡೆಸುವುದಕ್ಕಾಗುವುದಿಲ್ಲ.

ಬೀದರ್ ಮಟ್ಟಿಗೆ ಮುಂದಿನ ಒಪ್ಪಂದದಲ್ಲಿ ಏನಿರಬೇಕು ಎಂದು ಕೇಳಿದರೆ ನಾನು ಹೇಳುವುದು ಇಷ್ಟು. ವರ್ಷ ವರ್ಷಕ್ಕೆ ನವೀಕರಿಸುವ ಬದಲು ಐದು ವರ್ಷಕ್ಕೆ ಹಣ ಗೊತ್ತುಮಾಡಬೇಕು. ಜನ ಹೆಚ್ಚಿದ ಹಾಗೆ ಅದು ಇಳಿಯುತ್ತಾ ಹೋಗಲಿ. ಹಣ ಬಿಡುಗಡೆ ಆಗುವುದು ಹೊತ್ತಿಗೆ ಸರಿಯಾಗಿ ಹಾರಿದ ಹಾರಾಟಕ್ಕೆ ಮಾತ್ರ. ರದ್ದಾದದ್ದಕ್ಕೆ ದಂಡ ಇರಬೇಕು, ರದ್ದಾದ ದಿನ ಪ್ರಯಾಣಿಕರನ್ನು ಶಂಷಾಬಾದ್‌ಗೆ ಕಂಪನಿಯೇ ಕಾರಿನಲ್ಲಿ ಮುಟ್ಟಿಸಬೇಕು. ಈ ಕೊನೆಯದು ಸಣ್ಣದಾಗಿ ಕಾಣಬಹುದು, ಆದರೆ "ವಿಮಾನ ರದ್ದಾದರೂ ನನ್ನ ಪ್ರಯಾಣ ರದ್ದಾಗುವುದಿಲ್ಲ" ಎಂದು ಗೊತ್ತಾದರೆ ಜನ ಧೈರ್ಯವಾಗಿ ಟಿಕೆಟ್ ತೆಗೆಯುತ್ತಾರೆ. ಬಿಟ್ಟುಹೋಗುವ ಕಂಪನಿ ಮೂರು ತಿಂಗಳು ಮೊದಲು ಹೇಳಬೇಕು, ಆ ಮೂರು ತಿಂಗಳಲ್ಲಿ ಹೊಸ ಟೆಂಡರ್ ಮುಗಿಯಬೇಕು. ಮತ್ತೆ, ಪ್ರತಿ ತಿಂಗಳು ಎಷ್ಟು ಜನ ಹತ್ತಿದರು, ಎಷ್ಟು ಹಾರಾಟ ರದ್ದಾಯಿತು, ಒಬ್ಬರ ಮೇಲೆ ಸರ್ಕಾರದ ಎಷ್ಟು ಹಣ ಬಿತ್ತು ಎನ್ನುವುದನ್ನು ಜಿಲ್ಲಾಡಳಿತ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ತಲೆಗೆ ಬೀಳುವ ಆ ಮೊತ್ತಕ್ಕೆ ಒಂದು ಮೇಲ್ಮಿತಿಯನ್ನು ಒಪ್ಪಂದದಲ್ಲೇ ಬರೆಯಬೇಕು. ಐದನೇ ವರ್ಷದಲ್ಲೂ ಅದನ್ನು ಮೀರುತ್ತಿದ್ದರೆ, ಬೀದರ್‌ನಿಂದ ಶಂಷಾಬಾದ್‌ಗೆ ಗಂಟೆಗೊಂದು ಒಳ್ಳೆಯ ಬಸ್ಸು ಹಾಕಿ ಆ ಹಣವನ್ನು ಅದಕ್ಕೆ ಕೊಡುವುದನ್ನು ನಾನೂ ಒಪ್ಪುತ್ತೇನೆ.